ಒಂದೂವರೆ ಶ್ರುತಿ ಗೊತ್ತಿದ್ದವರಿಗೆ ಸಿ ಮೇಜರ್ ಏಕೆ ಕಷ್ಟವಾಗಬೇಕು?

ಪ್ರಶ್ನೆ: ನನಗೆ 41 ವರ್ಷ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿ, ಕೆಲವು ಗೀತೆಗಳವರೆಗೆ ಬಂದು ನಿಲ್ಲಿಸಿದ್ದೆ. ಮಗಳಿಗೆಂದು ತಂದ 61 ಕೀಗಳ ಕೀಬೋರ್ಡಿನ ಮುಂದೆ ಈಗ ನಾನೇ ಕೂರುತ್ತಿದ್ದೇನೆ. ವಿಡಿಯೊ ನೋಡಿಕೊಂಡು ಕೆಲವು ಹಾಡುಗಳನ್ನು ನುಡಿಸಬಲ್ಲೆ, ಆದರೆ ಸ್ಕೇಲ್, ಕಾರ್ಡ್, ಶಾರ್ಪ್, ಫ್ಲ್ಯಾಟ್ ಎಂಬ ಮಾತುಗಳು ತಲೆಗೆ ಹತ್ತುವುದಿಲ್ಲ. ಥಿಯರಿಯನ್ನು ಮೊದಲು ಕಲಿಯಬೇಕೇ, ಯಾವ ಕ್ರಮದಲ್ಲಿ ಕಲಿಯಬೇಕು? ಹಳೆಯ ಪಾಠ ಇದಕ್ಕೆ ನೆರವಾಗುತ್ತದೆಯೇ, ಅಡ್ಡಿಯಾಗುತ್ತದೆಯೇ? ಪರೀಕ್ಷೆಗೆ ಕೂರುವುದು ಒಳ್ಳೆಯದೇ?

ಉತ್ತರ: ಹಳೆಯ ಪಾಠದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದವುಗಳ ಉತ್ತರ ಅದರ ಮೇಲೆ ನಿಂತಿದೆ. ಆ ನಾಲ್ಕು ವರ್ಷಗಳು ನೀವು ಎಣಿಸಿರುವುದಕ್ಕಿಂತ ಹೆಚ್ಚು ನೆರವಾಗುತ್ತವೆ. ಎರಡು ಕಡೆ ಮಾತ್ರ ದಾರಿ ತಪ್ಪಿಸುತ್ತವೆ, ಅವನ್ನು ಮುಂದೆ ಹೇಳುತ್ತೇನೆ. ಪಾಶ್ಚಾತ್ಯ ಸಂಗೀತಶಾಸ್ತ್ರದ ಆರಂಭದ ಭಾಗ ಬಹುಮಟ್ಟಿಗೆ ಸ್ವರಗಳ ನಡುವಿನ ದೂರವನ್ನು ಅಳೆಯುವ ವಿದ್ಯೆ. ಸ್ಕೇಲ್ ಎಂದರೆ ಒಂದರ ಹಿಂದೆ ಒಂದು ಬರುವ ದೂರಗಳ ಸಾಲು, ಕಾರ್ಡ್ ಎಂದರೆ ಒಟ್ಟಿಗೆ ಕೇಳುವ ದೂರಗಳು. ಹೆಸರುಗಳು ಆಮೇಲಿನ ಮಾತು. ಆದರೆ ಹೆಚ್ಚಿನ ಪುಸ್ತಕಗಳು ಹೆಸರುಗಳಿಂದಲೇ ಆರಂಭಿಸುತ್ತವೆಯಾದ್ದರಿಂದ ಹೊಸಬರು ಮೊದಲ ಅಧ್ಯಾಯದಲ್ಲಿಯೇ ಸೋಲುತ್ತಾರೆ. ನಾನೂ ಹಾಗೆಯೇ ಕಲಿತವನು. ಸ್ಕೇಲುಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಬರೆದಿದ್ದೆ. ಮನೆಗೆ ಬಂದ ಬಂಧುವೊಬ್ಬರು ಗೊತ್ತಿದ್ದ ಹಾಡೊಂದನ್ನು ಎರಡು ಮನೆ ಮೇಲಿನ ಶ್ರುತಿಯಲ್ಲಿ ನುಡಿಸು ಎಂದಾಗ ಕೈಕಟ್ಟಿ ಕುಳಿತಿದ್ದೆ. ಆದ್ದರಿಂದ ಥಿಯರಿ ಮೊದಲೋ ನುಡಿಸಾಣಿಕೆ ಮೊದಲೋ ಎಂದು ಯೋಚಿಸಬೇಡಿ. ಒಂದು ಸಂಗತಿಯನ್ನು ಬೆರಳಿನಿಂದ ಹುಡುಕಿ, ಕಿವಿಯಿಂದ ಒಪ್ಪಿಕೊಂಡು, ಆಮೇಲೆ ಅದರ ಹೆಸರನ್ನು ಕೇಳಿ ತಿಳಿಯಿರಿ.

ಮೊದಲು ಕೀಬೋರ್ಡಿನ ನಕ್ಷೆ. ಪೂರ್ಣ ಅಳತೆಯ ಪಿಯಾನೊದಲ್ಲಿ 52 ಬಿಳಿ ಮತ್ತು 36 ಕಪ್ಪು, ಒಟ್ಟು 88 ಕೀಗಳಿವೆ; ನಿಮ್ಮದರಲ್ಲಿ 61 ಇದ್ದರೂ ಶಾಸ್ತ್ರ ಕಲಿಯುವುದಕ್ಕೆ ಅದು ಧಾರಾಳವಾಯಿತು, ಏಕೆಂದರೆ ಇರುವುದು 12 ಕೀಗಳ ಒಂದೇ ಗುಂಪು, ಅದೇ ಮತ್ತೆ ಮತ್ತೆ ಬರುತ್ತದೆ. ಕಪ್ಪು ಕೀಗಳು ಎರಡು, ಮೂರು, ಎರಡು, ಮೂರು ಎಂದು ಗುಂಪುಗೂಡಿರುವುದನ್ನು ನೋಡಿ. ಎರಡರ ಗುಂಪಿನ ಎಡ ಪಕ್ಕದ ಬಿಳಿ ಕೀಯೇ ಸಿ. ಅಲ್ಲಿಂದ ಬಲಕ್ಕೆ ಬಿಳಿ ಕೀಗಳು ಸಿ, ಡಿ, ಇ, ಎಫ್, ಜಿ, ಎ, ಬಿ. ಈ ನಕ್ಷೆ ನಿಮಗೆ ಆಗಲೇ ಗೊತ್ತಿದೆ ಎಂದರೆ ಆಶ್ಚರ್ಯವಾಗಬಹುದು. ನಿಮ್ಮ ಗುರುಗಳು ಶ್ರುತಿಪೆಟ್ಟಿಗೆ ಇಡುವಾಗ ‘ಒಂದೂವರೆ’, ‘ಐದು’, ‘ಐದೂವರೆ’ ಎನ್ನುತ್ತಿದ್ದುದು ಇದೇ ಕೀಗಳನ್ನು. ಒಂದು ಎಂದರೆ ಸಿ, ಎರಡು ಎಂದರೆ ಡಿ, ಹೀಗೆ ಏಳು ಎಂದರೆ ಬಿ. ‘ಒಂದೂವರೆ’ ಎಂದರೆ ಸಿ ಮತ್ತು ಡಿ ನಡುವಿನ ಕಪ್ಪು ಕೀ. ಸಂಗೀತಗಾರರು ಎರಡೂವರೆ, ನಾಲ್ಕೂವರೆ, ಆರೂವರೆ ಎನ್ನುವುದನ್ನು ಕೇಳಿದ್ದೀರಿ, ಆದರೆ ‘ಮೂರೂವರೆ’ ಅಥವಾ ‘ಏಳೂವರೆ’ ಶ್ರುತಿಯಲ್ಲಿ ಯಾರೂ ಹಾಡುವುದಿಲ್ಲ. ಇ ಮತ್ತು ಎಫ್ ನಡುವೆ, ಬಿ ಮತ್ತು ಮೇಲಿನ ಸಿ ನಡುವೆ ಕಪ್ಪು ಕೀಯೇ ಇಲ್ಲವೆಂಬುದು ಅದರ ಕಾರಣ.

ಈ ಕಪ್ಪು ಕೀ ಇಲ್ಲದ ಎರಡು ಜಾಗಗಳಲ್ಲಿಯೇ ಅರ್ಧ ಶಾಸ್ತ್ರ ಅಡಗಿದೆ. ಯಾವುದೇ ಕೀಯಿಂದ ಅದರ ಪಕ್ಕದ ಕೀಗೆ, ಅದು ಕಪ್ಪಾಗಲಿ ಬಿಳಿಯಾಗಲಿ, ಇರುವ ದೂರಕ್ಕೆ ಸೆಮಿಟೋನ್ ಎನ್ನುತ್ತಾರೆ. ಇಲ್ಲಿ ಅದನ್ನು ಒಂದು ಹೆಜ್ಜೆ ಎಂದು ಕರೆಯೋಣ. ಸಿಯಿಂದ ಮೇಲಿನ ಸಿವರೆಗೆ ಬಿಳಿ ಕೀಗಳನ್ನು ಮಾತ್ರ ನುಡಿಸಿದರೆ ಹೆಜ್ಜೆಗಳು 2, 2, 1, 2, 2, 2, 1 ಎಂದಾಗುತ್ತವೆ. ಸಿಯನ್ನು ಷಡ್ಜವೆಂದು ಹಿಡಿದು ಕೇಳಿದರೆ ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕಾಕಲಿ ನಿಷಾದ, ಅಂದರೆ ಮೇಳಗಳೆಂಬ ಏಳು ಸ್ವರಗಳ ಮೂಲ ರಾಗಗಳಲ್ಲಿ 29ನೆಯದಾದ ಶಂಕರಾಭರಣದ ಸ್ವರಸ್ಥಾನಗಳು. ಇವನ್ನೇ ಅವರು ಸಿ ಮೇಜರ್ ಸ್ಕೇಲ್ ಎನ್ನುತ್ತಾರೆ. ನೀವು ಸರಳೆ ಕಲಿತ ಮಾಯಾಮಾಳವಗೌಳವನ್ನು ಅದೇ ಸಿಯಿಂದ ಹುಡುಕಿ ನುಡಿಸಿ: ಹೆಜ್ಜೆಗಳು 1, 3, 1, 2, 1, 3, 1 ಆಗುತ್ತವೆ, ಎರಡು ಕಪ್ಪು ಕೀಗಳು ಬೇಕಾಗುತ್ತವೆ. ಮೂರು ಹೆಜ್ಜೆಯ ಜಿಗಿತ ಬೆರಳಿಗೆ ಹೇಗೆ ಅಗಲವಾಗಿ, ಕಿವಿಗೆ ಹೇಗೆ ಬೇರೆಯಾಗಿ ತೋರುತ್ತದೆ ಎಂಬುದನ್ನು ಒಂದು ವಾರ ಸುಮ್ಮನೆ ಗಮನಿಸಿ.

ಅದಾದ ಮೇಲೆ ಈ ಒಂದು ಪ್ರಯೋಗವನ್ನು ತಪ್ಪದೆ ಮಾಡಿ. ಐದನೇ ಬಿಳಿ ಕೀಯಾದ ಜಿಯನ್ನು ಷಡ್ಜವಾಗಿಟ್ಟುಕೊಂಡು, ಪುಸ್ತಕ ನೋಡದೆ, ಬಾಯಲ್ಲಿ ಶಂಕರಾಭರಣದ ಆರೋಹಣವನ್ನು ಹಾಡುತ್ತ ಬೆರಳಿನಿಂದ ಹಿಂಬಾಲಿಸಿ. ಸ, ರಿ, ಗ, ಮ, ಪ, ದ ಎಲ್ಲವೂ ಬಿಳಿ ಕೀಗಳಲ್ಲಿಯೇ ಸಿಗುತ್ತವೆ. ನಿಷಾದಕ್ಕೆ ಬಂದಾಗ ಎಫ್ ಒತ್ತಿದರೆ ಕಿವಿ ಒಪ್ಪುವುದಿಲ್ಲ; ಅದು ಕೈಶಿಕಿ ನಿಷಾದ, ಹರಿಕಾಂಭೋಜಿಯ ನಿಷಾದ. ಬೆರಳು ತಾನಾಗಿ ಪಕ್ಕದ ಕಪ್ಪು ಕೀಗೆ ಸರಿಯುತ್ತದೆ. ಆ ಕಪ್ಪು ಕೀಯೇ ಎಫ್ ಶಾರ್ಪ್, ಅಂದರೆ ಎಫ್‌ಗಿಂತ ಒಂದು ಹೆಜ್ಜೆ ಮೇಲಿನದು. ಜಿ ಮೇಜರ್‌ನ ಬರಹದಲ್ಲಿ ಸಾಲಿನ ಆರಂಭಕ್ಕೆ ಒಂದು ಶಾರ್ಪ್ ಗುರುತನ್ನು ಹಾಕುವುದು ಇದಕ್ಕಾಗಿಯೇ. ನೀವು ಬಾಯಿಪಾಠ ಮಾಡಬೇಕೆಂದು ಹೆದರಿದ್ದ ಕೀ ಸಿಗ್ನೇಚರ್ ಎಂಬುದು ಇಷ್ಟೇ: ಷಡ್ಜವನ್ನು ಬೇರೆ ಕಡೆ ಇಟ್ಟಾಗ 2, 2, 1, 2, 2, 2, 1 ಎಂಬ ಸಾಲು ಕೆಡದಂತೆ ಯಾವ ಕೀಗಳನ್ನು ಬದಲಾಯಿಸಬೇಕಾಯಿತು ಎಂಬುದರ ಲೆಕ್ಕ. ಹೀಗೆಯೇ ಎಫ್‌ನಿಂದ ಹೊರಟರೆ ಮಧ್ಯಮದಲ್ಲಿ ತಡೆಯುತ್ತದೆ, ಅಲ್ಲಿ ಬಿ ಬದಲು ಅದರ ಎಡದ ಕಪ್ಪು ಕೀ, ಅಂದರೆ ಒಂದು ಹೆಜ್ಜೆ ಕೆಳಗಿನ ಬಿ ಫ್ಲ್ಯಾಟ್ ಬೇಕಾಗುತ್ತದೆ.

ಆ ಕೀಯನ್ನು ಎ ಶಾರ್ಪ್ ಎಂದೂ ಕರೆಯಬಹುದಲ್ಲವೇ, ಒಂದೇ ಕೀಗೆ ಎರಡು ಹೆಸರು ಏಕೆ ಎಂದು ಎಲ್ಲ ಹೊಸಬರೂ ಕೇಳುತ್ತಾರೆ. ಇದಕ್ಕೆ ಪಾಶ್ಚಾತ್ಯ ಪುಸ್ತಕಕ್ಕಿಂತ ನಮ್ಮ ಮೇಳಕರ್ತ ಪದ್ಧತಿ ಚೆನ್ನಾಗಿ ಉತ್ತರಿಸುತ್ತದೆ. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ ರೂಪಿಸಿದ 72 ಮೇಳಗಳ ಏರ್ಪಾಟಿನಲ್ಲಿ ಸ್ವರಸ್ಥಾನಗಳು 12, ಹೆಸರುಗಳು 16. ಸಾಧಾರಣ ಗಾಂಧಾರದ ಸ್ಥಾನವನ್ನೇ ಚಲನಾಟವೆಂಬ ಮೇಳದಲ್ಲಿ ಷಟ್‌ಶ್ರುತಿ ರಿಷಭ ಎನ್ನುತ್ತೇವೆ, ಏಕೆಂದರೆ ಅಲ್ಲಿ ಗಾಂಧಾರದ ಹೆಸರನ್ನು ಅಂತರ ಗಾಂಧಾರ ಆಗಲೇ ತೆಗೆದುಕೊಂಡಿದೆ, ಮೇಳದಲ್ಲಿ ಏಳು ಹೆಸರುಗಳೂ ಒಂದೊಂದು ಸಲ ಬರಲೇಬೇಕು. ಎಫ್ ಮೇಜರ್‌ನಲ್ಲಿಯೂ ಅದೇ ನ್ಯಾಯ: ಮೂರನೆಯ ಸ್ವರ ಎ ಆಗಿರುವಾಗ ನಾಲ್ಕನೆಯದನ್ನು ಮತ್ತೆ ಎ ಶಾರ್ಪ್ ಎಂದರೆ ಎ ಎರಡು ಸಲ ಬಂದು ಬಿ ಹೆಸರೇ ಕಾಣೆಯಾಗುತ್ತದೆ, ಆದ್ದರಿಂದ ಅದು ಬಿ ಫ್ಲ್ಯಾಟ್.

ಈಗ ದಾರಿ ತಪ್ಪಿಸುವ ಮೊದಲ ಜಾಗಕ್ಕೆ ಬರೋಣ. ನಮ್ಮಲ್ಲಿ ಷಡ್ಜ ಹಾಡುವವರ ಕಂಠದ ಜೊತೆ ಚಲಿಸುತ್ತದೆ. ಐದರಲ್ಲಿ ಹಾಡಿದರೂ ಒಂದರಲ್ಲಿ ಹಾಡಿದರೂ ಸ ಎಂದರೆ ಸ. ಸಿ ಹಾಗಲ್ಲ, ಅದು ಒಂದು ಜಾಗದ ಹೆಸರು, ಕೀಬೋರ್ಡಿನ ನಡುಭಾಗದಲ್ಲಿ ಸೆಕೆಂಡಿಗೆ ಸುಮಾರು 261.6 ಕಂಪನಗಳ ನಾದ. ಬಿಳಿ ಕೀಗಳನ್ನು ಸ ರಿ ಗ ಮ ಎಂದು ಶಾಶ್ವತವಾಗಿ ಗುರುತಿಸಿಕೊಂಡವರು ಸಿ ಮೇಜರ್ ಬಿಟ್ಟು ಬೇರೆ ಕಡೆ ಹೋಗಲಾರರು. ಎರಡನ್ನೂ ಇಟ್ಟುಕೊಳ್ಳಿ, ಆದರೆ ಬೇರೆ ಬೇರೆ ಕೆಲಸಕ್ಕೆ: ಸಿ, ಡಿ, ಇ ಎಂಬುದು ವಿಳಾಸ, ಸ, ರಿ, ಗ ಎಂಬುದು ಮನೆಯೊಳಗಿನ ಸಂಬಂಧ. ಇನ್ನೊಂದು ಎಚ್ಚರಿಕೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದ್ದರೆ ಅದನ್ನು ಸೊನ್ನೆಯಲ್ಲಿಯೇ ಬಿಡಿ. ನಮ್ಮ ಕಡೆ ಅನೇಕರು ತಮ್ಮ ಶ್ರುತಿಗೆ ಅದನ್ನು ತಿರುಗಿಸಿ ಯಾವಾಗಲೂ ಬಿಳಿ ಕೀಗಳ ಮೇಲೆಯೇ ನುಡಿಸುತ್ತಾರೆ. ಕಚೇರಿಗೆ ಅದು ಅನುಕೂಲವಿರಬಹುದು, ಕಲಿಯುವವರಿಗೆ ಮಾತ್ರ ಅದರಿಂದ ಕೈ ಮುಟ್ಟುವ ಕೀ ಒಂದು, ಕಿವಿಗೆ ಬರುವ ನಾದ ಇನ್ನೊಂದು ಆಗಿಬಿಡುತ್ತದೆ.

ಪಂಚಮಗಳ ಚಕ್ರವೆಂದು ಎಲ್ಲರೂ ಹೆದರಿಸುವ ಚಿತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿಯ ಪಂಚಮ ಜಿ. ಜಿಯನ್ನೇ ಷಡ್ಜ ಮಾಡಿದರೆ ಅದರ ಪಂಚಮ ಡಿ. ಹೀಗೆ ಏಳೇಳು ಹೆಜ್ಜೆ ಏರುತ್ತ ಹೋದರೆ 12 ಸಲದ ಮೇಲೆ ಮತ್ತೆ ಸಿಗೆ ಬರುತ್ತೀರಿ. ಮೊದಲ ಆರು ಏರಿಕೆಗಳಲ್ಲಿ ಪ್ರತಿ ಸಲವೂ ಹೊಸ ನಿಷಾದಕ್ಕಾಗಿ ಒಂದು ಶಾರ್ಪ್ ಸೇರುತ್ತದೆ. ನೀವೇ ನಡೆದು ನೋಡಿದ ಮೇಲೆ ಆ ಚಿತ್ರವನ್ನು ತೆರೆಯಿರಿ, ಪರಿಚಿತರ ಮುಖದಂತೆ ಕಾಣುತ್ತದೆ.

ನಿಮಗೆ ನಿಜವಾಗಿಯೂ ಹೊಸತಾಗಿರುವುದು ಕಾರ್ಡ್. ಒಂದು ಮಟ್ಟಿನ ಕೆಳಗೆ ಹಲವು ಸ್ವರಗಳು ಒಟ್ಟಿಗೆ ನುಡಿದು, ಅವು ಬದಲಾಗುತ್ತ ಹೋಗುವುದರಿಂದಲೇ ಕಥೆ ಮುಂದುವರಿಯುವ ಅನುಭವ ನಮ್ಮ ಪಾಠದಲ್ಲಿ ಇಲ್ಲ. ನಮ್ಮಲ್ಲಿ ಕೆಳಗಿರುವುದು ಕದಲದ ತಂಬೂರಿ. ಆದ್ದರಿಂದ ನಿಮ್ಮ ಸಮಯದ ದೊಡ್ಡ ಪಾಲನ್ನು ಇಲ್ಲಿ ಕಳೆಯಿರಿ. ಯಾವುದೇ ಕೀಯಿಂದ ನಾಲ್ಕು ಹೆಜ್ಜೆ, ಅಲ್ಲಿಂದ ಮೂರು ಹೆಜ್ಜೆ ಎಣಿಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಮೇಜರ್ ಕಾರ್ಡ್: ಸಿ, ಇ, ಜಿ. ಮೊದಲು ಮೂರು, ಆಮೇಲೆ ನಾಲ್ಕು ಎಣಿಸಿದರೆ ಮೈನರ್ ಕಾರ್ಡ್: ಎ, ಸಿ, ಇ. ಹೊರಗಿನ ಎರಡು ಸ್ವರಗಳ ದೂರ ಎರಡರಲ್ಲಿಯೂ ಏಳೇ; ನಡುವಿನ ಬೆರಳು ಒಂದು ಹೆಜ್ಜೆ ಸರಿದದ್ದರಿಂದ, ಅಂದರೆ ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂದದ್ದರಿಂದ, ಇಡೀ ಬಣ್ಣ ಬದಲಾಗುತ್ತದೆ.

ಶಂಕರಾಭರಣದ ಏಳು ಸ್ವರಗಳೂ ಮೂರೇ ಕಾರ್ಡುಗಳಲ್ಲಿ ಅಡಕವಾಗುತ್ತವೆ: ಸ-ಗ-ಪ, ಮ-ದ-ಸ, ಪ-ನಿ-ರಿ. ಸಿ ಮೇಜರ್‌ನಲ್ಲಿ ಇವು ಸಿ, ಎಫ್, ಜಿ ಕಾರ್ಡುಗಳು. ಸರಳವಾದ ಯಾವುದೇ ಮಟ್ಟನ್ನು ಬಲಗೈಯಲ್ಲಿ ನುಡಿಸುತ್ತ, ಪ್ರತಿ ತಾಳದ ಘಾತದಲ್ಲಿ ಆ ಸ್ವರವಿರುವ ಕಾರ್ಡನ್ನು ಎಡಗೈಯಲ್ಲಿ ಹುಡುಕಿ. ಇದಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಸಾಹಿತ್ಯಗಳಿಗಿಂತ ಒಳ್ಳೆಯ ಸಾಮಗ್ರಿ ನನಗೆ ತೋಚುವುದಿಲ್ಲ. ಅವರು ಕೇಳಿದ ಯುರೋಪಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದದ್ದರಿಂದ ಅವು ಸ್ವರವನ್ನು ತೂಗಿಸುವ ಗಮಕವಿಲ್ಲದೆ ಶಂಕರಾಭರಣದ ಸ್ವರಗಳಲ್ಲಿ ಸಾಗುತ್ತವೆ, ಕಾರ್ಡುಗಳು ಅವುಗಳ ಕೆಳಗೆ ತಡವರಿಸದೆ ಕೂರುತ್ತವೆ. ಪಾಠಕ್ಕೆ ಹೋದ ಕಾಲದಲ್ಲಿ ನೀವು ಅವುಗಳಲ್ಲಿ ಒಂದೆರಡನ್ನಾದರೂ ಹಾಡಿರುವ ಸಂಭವವಿದೆ.

ಕಾರ್ಡಿನಿಂದ ಕಾರ್ಡಿಗೆ ಹೋಗುವಾಗ ಕೈಯನ್ನು ಎತ್ತಿ ಎತ್ತಿ ಹಾಕಬೇಡಿ. ಸಿ, ಇ, ಜಿ ಹಿಡಿದಿರುವಾಗ ಎಫ್ ಕಾರ್ಡ್ ಬೇಕಾದರೆ ಸಿಯನ್ನು ಹಾಗೆಯೇ ಬಿಟ್ಟು ಉಳಿದೆರಡು ಬೆರಳುಗಳನ್ನು ಸರಿಸಿ ಸಿ, ಎಫ್, ಎ ಮಾಡಿ. ಜಿ ಕಾರ್ಡ್ ಬೇಕಾದರೆ ಜಿಯನ್ನು ಹಾಗೆಯೇ ಬಿಟ್ಟು ಬಿ, ಡಿ, ಜಿ ಮಾಡಿ. ಅದೇ ಸ್ವರಗಳು, ಕೆಳಗಿನಿಂದ ಮೇಲಕ್ಕೆ ಇರುವ ಕ್ರಮ ಮಾತ್ರ ಬೇರೆ. ಇದಕ್ಕೆ ಇನ್‌ವರ್ಷನ್ ಎಂದು ಹೆಸರು. ಇನ್ನು ಜಿ ಕಾರ್ಡಿಗೆ ಎಫ್ ಸೇರಿಸಿ ಜಿ, ಬಿ, ಡಿ, ಎಫ್ ಒಟ್ಟಿಗೆ ಒತ್ತಿ, ಅಲ್ಲಿಯೇ ನಿಲ್ಲಿಸಿ ನೋಡಿ. ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಕಾಕಲಿ ನಿಷಾದವಾದ ಬಿ ಮೇಲಿನ ಷಡ್ಜಕ್ಕೆ, ಶುದ್ಧ ಮಧ್ಯಮವಾದ ಎಫ್ ಕೆಳಗಿನ ಗಾಂಧಾರಕ್ಕೆ ಹೋಗಲು ತವಕಿಸುತ್ತವೆ. ನಿಷಾದದಲ್ಲಿ ನಿಲ್ಲಿಸಿ ಷಡ್ಜವನ್ನು ತಡಮಾಡಿ ಮುಟ್ಟುವ ಹಾಡುಗಾರರ ಚಮತ್ಕಾರವನ್ನು ಕೇಳಿ ಬೆಳೆದ ಕಿವಿಗೆ ಈ ಸೆಳೆತವನ್ನು ಯಾರೂ ವಿವರಿಸಬೇಕಾಗಿಲ್ಲ. ಪಾಶ್ಚಾತ್ಯ ಸಂಗೀತದ ಬಹುಪಾಲು ವಾಕ್ಯಗಳು ಮುಗಿಯುವುದು ಈ ಕಾರ್ಡಿನಿಂದ ಸಿ ಕಾರ್ಡಿಗೆ ಇಳಿಯುವುದರ ಮೂಲಕ.

ಮೈನರ್ ಸ್ಕೇಲಿನ ಮೂರು ವಿಧಗಳೆಂಬ ಗೊಂದಲವೂ ಇಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಬಿಳಿ ಕೀಗಳನ್ನೇ ಎಯಿಂದ ಎಗೆ ನುಡಿಸಿದರೆ, ಅಂದರೆ ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡು ಗ್ರಹಭೇದ ಮಾಡಿದರೆ, 20ನೇ ಮೇಳವಾದ ನಠಭೈರವಿಯ ಸ್ಥಾನಗಳು ಸಿಗುತ್ತವೆ. ಅದು ನ್ಯಾಚುರಲ್ ಮೈನರ್. ಆದರೆ ಅದರ ನಿಷಾದ ಕೈಶಿಕಿ, ಷಡ್ಜದಿಂದ ಎರಡು ಹೆಜ್ಜೆ ದೂರ, ಈಗ ಹೇಳಿದ ಸೆಳೆತ ಅದಕ್ಕಿಲ್ಲ. ಸೆಳೆತ ಬೇಕೆಂದು ನಿಷಾದವನ್ನು ಒಂದು ಹೆಜ್ಜೆ ಏರಿಸಿದರೆ ಕೀರವಾಣಿ, ಅವರ ಹಾರ್ಮೊನಿಕ್ ಮೈನರ್. ಆಗ ಧೈವತ ಮತ್ತು ನಿಷಾದದ ನಡುವೆ ಮೂರು ಹೆಜ್ಜೆಯ ಕಂದರ ಬೀಳುತ್ತದೆ. ಅದನ್ನು ತುಂಬಲು ಧೈವತವನ್ನೂ ಏರಿಸಿದರೆ ಗೌರಿಮನೋಹರಿ, ಅವರ ಮೆಲಾಡಿಕ್ ಮೈನರ್‌ನ ಆರೋಹಣ. ಮೂರು ಸ್ಕೇಲುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಒಂದೇ ಸ್ಕೇಲು ಎರಡು ಅಗತ್ಯಗಳಿಗಾಗಿ ಎರಡು ಸಲ ತಿದ್ದಿಸಿಕೊಂಡಿತು ಎಂದು ತಿಳಿಯುವುದು ಸುಲಭ.

ದಾರಿ ತಪ್ಪಿಸುವ ಎರಡನೆಯ ಜಾಗ ಸೂಕ್ಷ್ಮವಾದದ್ದು. ಮೇಲೆ ನಾನು ಸ್ಕೇಲುಗಳಿಗೆ ರಾಗಗಳ ಹೆಸರು ಹೇಳಿದ್ದೇನೆ, ಆದರೆ ಪ್ರತಿ ಸಲವೂ ‘ಸ್ಥಾನ’ ಎಂಬ ಮಾತನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಇಯಿಂದ ಇಗೆ ಬಿಳಿ ಕೀಗಳನ್ನು ನುಡಿಸಿದರೆ ಹನುಮತೋಡಿಯ ಸ್ಥಾನಗಳು ಬರುತ್ತವೆ, ತೋಡಿ ಮಾತ್ರ ಬರುವುದಿಲ್ಲ. ಆ ರಾಗದ ಗಾಂಧಾರ ಒಂದು ಬಿಂದುವಲ್ಲ, ಒಂದು ಚಲನೆ, ಪಿಯಾನೊದಲ್ಲಿಯಾದರೋ ಸುತ್ತಿಗೆ ತಂತಿಗೆ ಬಡಿದ ಮೇಲೆ ಆ ಸ್ವರವನ್ನು ಬಾಗಿಸಲು ದಾರಿಯೇ ಇಲ್ಲ. ಸ್ಥಾನಗಳೂ ಪೂರ್ತಿ ಒಂದೇ ಅಲ್ಲ. ಫೋನಿನಲ್ಲಿ ತಂಬೂರಿಯ ಶ್ರುತಿಯನ್ನು ಒಂದಕ್ಕೆ, ಅಂದರೆ ಸಿಗೆ ಇಟ್ಟು, ತಂಬೂರಿಯ ಝೇಂಕಾರದಲ್ಲಿ ತಾನಾಗಿ ಕೇಳಿಬರುವ ಗಾಂಧಾರದ ಪಕ್ಕದಲ್ಲಿ ಕೀಬೋರ್ಡಿನ ಇಯನ್ನು ಒತ್ತಿ ಕೇಳಿ. ಕೀಬೋರ್ಡಿನ ಸ್ವರ ಕೊಂಚ ಏರಿದಂತೆ ತೋರುತ್ತದೆ. ಒಂದು ಹೆಜ್ಜೆಯ ಸುಮಾರು ಏಳನೇ ಒಂದು ಪಾಲಿನಷ್ಟು ಅದು ನಿಜವಾಗಿಯೂ ಏರಿದೆ. ಶುದ್ಧವಾದ ಪಂಚಮಗಳನ್ನು 12 ಸಲ ಏರಿಸಿದರೆ ಹೊರಟ ಸ್ವರಕ್ಕೆ ಸರಿಯಾಗಿ ಬಂದು ಸೇರುವುದಿಲ್ಲ, ಸ್ವಲ್ಪ ಮೀರುತ್ತೇವೆ. ಎಲ್ಲ ಕೀಗಳಿಂದಲೂ ಎಲ್ಲ ಸ್ಕೇಲುಗಳನ್ನು ನುಡಿಸಲು ಆಗಬೇಕೆಂದು ಆ ವ್ಯತ್ಯಾಸವನ್ನು ಹಂಚಿ, 12 ಹೆಜ್ಜೆಗಳನ್ನೂ ಸಮ ಮಾಡಿದ್ದಾರೆ. ಅದರಿಂದ ಪಂಚಮ ಕೂದಲೆಳೆಯಷ್ಟು ಇಳಿದಿದೆ, ಗಾಂಧಾರ ಎದ್ದು ತೋರುವಷ್ಟು ಏರಿದೆ. ಇದನ್ನು ತಪ್ಪು ಎನ್ನಲಾರೆ, ಕಾರ್ಡುಗಳ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಎನ್ನುತ್ತೇನೆ. ಆದರೆ ಹಾಡಿಕೆಯನ್ನು ಮತ್ತೆ ಆರಂಭಿಸುವ ಯೋಚನೆ ನಿಮಗಿದ್ದರೆ, ಸಾಧನೆಗೆ ತಂಬೂರಿಯನ್ನೇ ಇಟ್ಟುಕೊಳ್ಳಿ, ಕೀಬೋರ್ಡನ್ನು ಇಟ್ಟುಕೊಳ್ಳಬೇಡಿ.

ಎರಡು ಪದ್ಧತಿಗಳು ಒಂದೇ ತಲೆಯಲ್ಲಿ ಇರಲಾರವು ಎಂದು ಯಾರಾದರೂ ಹೇಳಿದರೆ ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನಪಿಸಿ. ಪಿಯಾನೊವನ್ನು ಕ್ರಮವಾಗಿ ಕಲಿತು, ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿ, ಅವರ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅರ್ಪಣೆಯಾಗಿ ಪಡೆದ ಅದೇ ವ್ಯಕ್ತಿ ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು.

ಓದುವ ವಿಷಯ. ಐದು ಗೆರೆಗಳ ಸ್ಟಾಫನ್ನು ಮೊದಲ ತಿಂಗಳು ಮುಟ್ಟದಿದ್ದರೂ ನಷ್ಟವಿಲ್ಲ. ಆರಂಭಿಸುವಾಗ ಪ್ರತಿ ಗುರುತಿನ ಕೆಳಗೂ ಅಕ್ಷರ ಬರೆಯುವ ಚಟಕ್ಕೆ ಬೀಳಬೇಡಿ, ಕಣ್ಣು ಅಕ್ಷರವನ್ನೇ ಓದುತ್ತದೆ. ಮೂರು ಗುರುತುಗಳನ್ನು ಮಾತ್ರ ನೆನಪಿಡಿ: ಎರಡು ಸ್ಟಾಫ್‌ಗಳ ನಡುವೆ ಒಂಟಿ ಗೆರೆಯ ಮೇಲಿರುವ ನಡು ಸಿ, ಮೇಲಿನ ಸ್ಟಾಫಿನ ಆರಂಭದ ಗುರುತಾದ ಕ್ಲೆಫ್ ಸುರುಳಿ ಸುತ್ತುವ ಗೆರೆಯ ಜಿ, ಕೆಳಗಿನ ಕ್ಲೆಫಿನ ಎರಡು ಚುಕ್ಕೆಗಳ ನಡುವಿನ ಗೆರೆಯ ಎಫ್. ಉಳಿದವನ್ನು ಇವುಗಳಿಂದ ಏರಿಳಿತದ ದೂರ ನೋಡಿ ಓದಿ. ಲಯದ ಭಾಗ ನಿಮಗೆ ಸಲೀಸು. ಸರಳೆಯನ್ನು ಒಂದನೇ, ಎರಡನೇ, ಮೂರನೇ ಕಾಲದಲ್ಲಿ ಹಾಡಿದ್ದೇ ಕ್ವಾರ್ಟರ್, ಎಯ್ತ್, ಸಿಕ್ಸ್‌ಟೀನ್ತ್ ನೋಟುಗಳ ಸಂಬಂಧ. ಆದಿತಾಳದ ಒಂದು ಆವರ್ತ ನಾಲ್ಕು ಎಣಿಕೆಯ ಎರಡು ಬಾರ್‌ಗಳಷ್ಟು.

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು. ನನ್ನ ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಒಂದೇ ಸ್ಕೇಲು, ಹತ್ತು ನಿಮಿಷ ಅದೇ ಸ್ಕೇಲಿನ ಮೂರು ಕಾರ್ಡುಗಳು, ಉಳಿದ ಹತ್ತು ನಿಮಿಷ ಗೊತ್ತಿರುವ ಒಂದು ಮಟ್ಟಿಗೆ ಕಾರ್ಡು ಹುಡುಕುವುದು ಎಂದು ಹೇಳುತ್ತೇನೆ. ಹದಿನೈದು ದಿನಕ್ಕೊಮ್ಮೆ ಷಡ್ಜವನ್ನು ಬದಲಾಯಿಸಿ, ಸಿ ಆದ ಮೇಲೆ ಜಿ, ಎಫ್, ಡಿ ಎಂದು ಮುಂದುವರಿಯಿರಿ. ಬೆರಳುಗಳಿಗೆ ಹೆಬ್ಬೆರಳಿನಿಂದ ಒಂದರಿಂದ ಐದರವರೆಗೆ ಸಂಖ್ಯೆಯಿದೆ. ಸಿ ಮೇಜರ್‌ನಲ್ಲಿ ಬಲಗೈ 1, 2, 3 ನುಡಿಸಿ ಹೆಬ್ಬೆರಳನ್ನು ಅಡಿಯಿಂದ ತಂದು 1, 2, 3, 4, 5 ಮಾಡುತ್ತದೆ. ಕಪ್ಪು ಕೀಗಳೆಂದರೆ ಕಷ್ಟವೆಂಬ ನಂಬಿಕೆಯನ್ನು ಮಾತ್ರ ಬಿಡಿ. ಪಿಯಾನೊ ರಚನಕಾರ ಶೋಪ್ಯಾನ್ ತಮ್ಮ ಶಿಷ್ಯರ ಕೈಯನ್ನು ಮೊದಲು ಕೂರಿಸುತ್ತಿದ್ದುದು ನಡುವೆ ಮೂರು ಕಪ್ಪು ಕೀಗಳಿರುವ ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ ಎಂಬ ಐದು ಸ್ವರಗಳ ಮೇಲೆ, ಏಕೆಂದರೆ ಉದ್ದ ಬೆರಳುಗಳು ಎತ್ತರದ ಕೀಗಳ ಮೇಲೂ ಗಿಡ್ಡ ಬೆರಳುಗಳು ಬಿಳಿಯ ಮೇಲೂ ತಾವಾಗಿ ಕೂರುತ್ತವೆ.

ಪರೀಕ್ಷೆಯ ಮಾತು. ಲಂಡನ್ನಿನ ಅಸೋಸಿಯೇಟೆಡ್ ಬೋರ್ಡ್ ಮತ್ತು ಟ್ರಿನಿಟಿ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳನ್ನು ನಮ್ಮಲ್ಲಿಯೂ ಬಹಳ ಮಂದಿ ಬರೆಯುತ್ತಾರೆ. ಮಗಳು ಆ ದಾರಿಯಲ್ಲಿ ಹೋಗುವುದಾದರೆ ಒಂದು ವ್ಯತ್ಯಾಸ ತಿಳಿದಿರಲಿ: ಅಸೋಸಿಯೇಟೆಡ್ ಬೋರ್ಡಿನಲ್ಲಿ ಆರನೇ ಗ್ರೇಡಿನ ವಾದನ ಪರೀಕ್ಷೆಗೆ ಕೂರುವ ಮೊದಲು ಸಾಮಾನ್ಯವಾಗಿ ಐದನೇ ಗ್ರೇಡಿನ ಥಿಯರಿಯನ್ನು ಮುಗಿಸಿರಬೇಕು, ಟ್ರಿನಿಟಿಯಲ್ಲಿ ಆ ಕಟ್ಟುಪಾಡಿಲ್ಲ. ನಿಮ್ಮ ವಿಷಯದಲ್ಲಿ, ಮೊದಲ ವರ್ಷ ಪರೀಕ್ಷೆಯ ಗೋಜು ಬೇಡ. ಆರು ತಿಂಗಳ ಕೊನೆಗೆ ಗೊತ್ತಿರುವ ಒಂದು ಹಾಡನ್ನು ಸಿ, ಜಿ, ಎಫ್ ಮೂರು ಕಡೆಯಿಂದಲೂ ಎರಡು ಕೈಯಲ್ಲಿ ಕಾರ್ಡ್ ಸಮೇತ, ಬಟನ್ ಮುಟ್ಟದೆ ನುಡಿಸಲು ಬಂದರೆ ಆಗ ಒಂದನೇ ಗ್ರೇಡಿನ ಥಿಯರಿ ಪುಸ್ತಕವನ್ನು ಕೊಂಡು ತನ್ನಿ. ಅದರಲ್ಲಿರುವ ಬಹುಪಾಲು ನೀವು ಆಗಲೇ ಮಾಡಿ ಮುಗಿಸಿರುತ್ತೀರಿ. ಮಗಳಿಗೆ ಓದಿ ಹೇಳುವುದಷ್ಟೇ ಬಾಕಿ ಇರುತ್ತದೆ.